ತಲೆ ತಿರುಗಿದ್ದು ಎಷ್ಟು ಹೊತ್ತು?

ಎರಡು ವರ್ಷದ ಹಿಂದಿನ ಮಾತು. ಅಡಕೆ ಸುಲಿಯುವ ಸಮಯ. ಬೆಳಗ್ಗೆ ಐದೂವರೆಗೆ ಅಮ್ಮ ಮಂಚದಲ್ಲಿ ಬಲ ಮಗ್ಗುಲಿಗೆ ತಿರುಗಿದರು. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಮಾಡಿನ ಹಂಚೆಲ್ಲ ಗಿರಗಿರ ತಿರುಗಲು ಶುರು. ಮಂಚದ ಅಂಚು ಹಿಡಿದುಕೊಂಡು ಕೂಗಿದರು, “ಮನೆಯೇ ತಿರುಗ್ತಾ ಉಂಟು ಮಗಾ!” ನಾನು ಓಡಿ ಬರುವಷ್ಟರಲ್ಲಿ ನಿಂತಿತ್ತು. ಮೈಯೆಲ್ಲ ಬೆವರು. ಆಮೇಲೆ ಒಂದು ಸಲ ವಾಂತಿ.

ನಮ್ಮ ಮನೆ ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಕಡೆ. ಇಲ್ಲಿ ತಲೆ ತಿರುಗಿದರೆ ಮೊದಲು ಬರುವ ಮಾತು ಪಿತ್ತ. ಪುನರ್ಪುಳಿ ಶರಬತ್ತು ಕುಡಿದದ್ದಾಯಿತು, ಜೀರಿಗೆ ಕಷಾಯ ಆಯಿತು. ಒಬ್ಬ ಡಾಕ್ಟರು ಬಿಪಿ ಅಂದರು. ಇನ್ನೊಬ್ಬರು ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಎಲುಬು ಸವೆದಿದೆ ಅಂತ ಕುತ್ತಿಗೆಗೆ ಪಟ್ಟಿ ಹಾಕಿಸಿದರು. ಅರುವತ್ತು ದಾಟಿದ ಹೆಚ್ಚಿನವರ ಎಕ್ಸ್‌ರೇಯಲ್ಲಿ ಸವೆತ ಕಾಣುತ್ತದೆ, ತಲೆ ತಿರುಗದವರಲ್ಲೂ ಕಾಣುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಮಲಗಿದರೆ ತಿರುಗುತ್ತದೆ ಅನ್ನುವ ಹೆದರಿಕೆಗೆ ಅಮ್ಮ ನಾಲ್ಕು ತಿಂಗಳು ಆರಾಮ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದರು.

ಕೊನೆಗೆ ಮಂಗಳೂರಿನಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರು ಎರಡೇ ಪ್ರಶ್ನೆ ಕೇಳಿದರು. “ತಿರುಗುವುದು ಎಷ್ಟು ಹೊತ್ತು ಇರ್ತದೆ ಅಮ್ಮ? ಏನು ಮಾಡುವಾಗ ಶುರುವಾಗ್ತದೆ?”

“ಅರ್ಧ ನಿಮಿಷ. ಮಗ್ಗುಲು ತಿರುಗುವಾಗ.”

ಅವರು ಚೀಟಿ ಬರೆಯಲಿಲ್ಲ. ಅಮ್ಮನನ್ನು ಮೇಜಿನ ಮೇಲೆ ಮಲಗಿಸಿ, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ, ಎಬ್ಬಿಸಿ ಕೂರಿಸಿದರು. ಐದು ನಿಮಿಷದ ಕೆಲಸ. ಆ ರಾತ್ರಿ ಅಮ್ಮ ಹಾಸಿಗೆಯಲ್ಲಿ ಮಲಗಿದರು.

ಆ ಎರಡು ಪ್ರಶ್ನೆಗಳ ಹಿಂದೆ ಸುಮಾರು ಇನ್ನೂರು ವರ್ಷದ ಸಂಶೋಧನೆ ಇದೆ. ಅಂದಿನಿಂದ ನಾನು ಅದನ್ನು ಓದುತ್ತಾ ಬಂದಿದ್ದೇನೆ. ತಲೆಸುತ್ತು ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಹಲವು ಕಾಯಿಲೆಗಳು ಒಂದೇ ಬಾಗಿಲಿನಿಂದ ಹೊರಗೆ ಬರುತ್ತವೆ. ಯಾವುದು ಬಂತು ಅಂತ ಗುರುತಿಸಲು ಗಡಿಯಾರದಷ್ಟು ಉಪಯೋಗಕ್ಕೆ ಬರುವ ಸಾಧನ ಬೇರೆ ಇಲ್ಲ. ಇದು ನಮ್ಮ ಊರಿನ ಮನೆಮನೆಗೂ ಗೊತ್ತಿರಬೇಕು ಅಂತ ನನ್ನ ಆಸೆ.

ಲೋಟದ ನೀರು, ತುಳಸಿ ಎಲೆ

ಒಳಕಿವಿ ಇರುವುದು ತಲೆಬುರುಡೆಯ ತುಂಬಾ ಗಟ್ಟಿಯಾದ ಎಲುಬಿನೊಳಗೆ. ಆ ಎಲುಬಿನೊಳಗೆ ಒಂದು ಪುಟ್ಟ ಗುಹೆ. ಗುಹೆಯ ತುಂಬಾ ನೀರು. ಒಂದು ಕಡೆ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿದ ಕೊಳವೆ. ನಮ್ಮ ಕಡೆ ನರ್ತೆ ಅಂತಾರಲ್ಲ, ಅದೇ ಆಕಾರ. ಇದರ ಹೆಸರು ಕಾಕ್ಲಿಯ. ಕೇಳಿಸುವ ಕೆಲಸ ಇದರದ್ದು. ಇನ್ನೊಂದು ಕಡೆ ಬಳೆಯಂತೆ ಬಾಗಿದ ಮೂರು ನಾಳಗಳು, ಅವುಗಳ ಬುಡದಲ್ಲಿ ಎರಡು ಚಿಕ್ಕ ಚೀಲಗಳು. ಮೈಯ ಸಮತೋಲ ನೋಡಿಕೊಳ್ಳುವುದು ಇವು. ಎರಡೂ ಸಂಸಾರಕ್ಕೆ ಒಂದೇ ಮನೆ, ಒಂದೇ ನೀರು. ಕೆಲವು ಕಾಯಿಲೆಗಳಲ್ಲಿ ಕಿವಿ ಮಂದವಾಗುವುದೂ ತಲೆ ತಿರುಗುವುದೂ ಒಟ್ಟಿಗೇ ಬರುವುದು ಇದಕ್ಕೇ.

ಬಳೆಯಂಥ ನಾಳಗಳು ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿಯಲು ಒಂದು ಲೋಟ ನೀರು ಸಾಕು. ನೀರಿಗೆ ಒಂದು ತುಳಸಿ ಎಲೆ ಹಾಕಿ. ಲೋಟವನ್ನು ಇದ್ದಲ್ಲೇ ಫಕ್ಕನೆ ತಿರುಗಿಸಿ. ಲೋಟ ತಿರುಗಿತು, ಎಲೆ ಮಾತ್ರ ಇದ್ದಲ್ಲೇ ನಿಂತಿತು ಅಲ್ವಾ? ನೀರಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ತಲೆ ತಿರುಗಿಸಿದಾಗ ನಾಳದೊಳಗೂ ಹೀಗೇ. ಎಲುಬು ತಿರುಗುತ್ತದೆ, ನೀರು ಹಿಂದೆ ಉಳಿಯುತ್ತದೆ. ನಾಳಕ್ಕೆ ಅಡ್ಡವಾಗಿ ಜೆಲ್ಲಿಯ ಒಂದು ಪರದೆ ಇದೆ. ಹಿಂದುಳಿದ ನೀರು ಅದನ್ನು ಬಗ್ಗಿಸುತ್ತದೆ. ಪರದೆಯ ಬುಡದಲ್ಲಿರುವ ಕೋಶಗಳ ತಲೆಯ ಮೇಲೆ ನವಿರು ಕೂದಲುಗಳಿವೆ. ಪರದೆ ಬಗ್ಗಿದರೆ ಕೂದಲೂ ಬಗ್ಗುತ್ತದೆ. ಕೂದಲು ಬಗ್ಗಿದರೆ ನರಕ್ಕೆ ಸುದ್ದಿ ಹೋಗುತ್ತದೆ. ಮೂರು ನಾಳಗಳು ಮೂರು ದಿಕ್ಕಿಗೆ, ಹೆಚ್ಚುಕಡಿಮೆ ಒಂದಕ್ಕೊಂದು ಲಂಬವಾಗಿ ನಿಂತಿವೆ. ತಲೆ ಯಾವ ಕಡೆ ತಿರುಗಿದರೂ ಒಂದಲ್ಲ ಒಂದು ನಾಳಕ್ಕೆ ಗೊತ್ತಾಗುತ್ತದೆ.

ಲೋಟವನ್ನು ತುಂಬಾ ಹೊತ್ತು ತಿರುಗಿಸಿ ಫಕ್ಕನೆ ನಿಲ್ಲಿಸಿದರೆ ಎಲೆ ಇನ್ನೂ ಸುತ್ತುತ್ತಲೇ ಇರುತ್ತದೆ. ಮಕ್ಕಳು ಅಂಗಳದಲ್ಲಿ ಗಿರಗಿರ ಸುತ್ತಿ ನಿಂತಾಗ ಭೂಮಿ ತಿರುಗುವುದು ಇದೇ ಕಾರಣಕ್ಕೆ. ಹಾಗಾದರೆ ತೆಂಕುತಿಟ್ಟಿನ ಯಕ್ಷಗಾನದ ವೇಷಧಾರಿ ಗಿರಗಿರ ಸುತ್ತುತ್ತಾ ಧಿಗಿಣ ಹೊಡೆದು ನಿಂತು ಮರುಕ್ಷಣವೇ ಮಾತು ಶುರು ಮಾಡುತ್ತಾನಲ್ಲ, ಅವನಿಗೆ ತಲೆ ತಿರುಗುವುದಿಲ್ಲವೇ? ಧಿಗಿಣದ ಮೇಲೆ ನಡೆದ ಅಧ್ಯಯನವನ್ನು ನಾನು ನೋಡಿಲ್ಲ. ಆದರೆ ಲಂಡನ್ನಿನ ಸಂಶೋಧಕರು ಬ್ಯಾಲೆ ನರ್ತಕಿಯರನ್ನು ಕತ್ತಲೆಯಲ್ಲಿ ಕುರ್ಚಿಯಲ್ಲಿ ಕೂರಿಸಿ ತಿರುಗಿಸಿ ನೋಡಿದ್ದಾರೆ. 2013ರಲ್ಲಿ ಅದು ಪ್ರಕಟವಾಯಿತು. ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಮೆದುಳು ಕಿವಿಯಿಂದ ಬರುವ ಆ ಸುದ್ದಿಯನ್ನು ತಗ್ಗಿಸಿ ಕೇಳಲು ಕಲಿತಿತ್ತು. ಕಿವಿ ಬದಲಾಗುವುದಿಲ್ಲ, ಮೆದುಳು ಕಲಿಯುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ನಾಳಗಳ ಬುಡದ ಎರಡು ಚೀಲಗಳದ್ದು ಬೇರೆ ಕೆಲಸ. ಅವು ಮೇಸ್ತ್ರಿಗಳ ರಸಮಟ್ಟದ ಹಾಗೆ. ಮೇಲೆ ಯಾವುದು, ಕೆಳಗೆ ಯಾವುದು, ಬಸ್ಸು ಹೊರಟಿತೋ ನಿಂತಿತೋ ಅಂತ ಹೇಳುವುದು ಇವೇ. ಚೀಲದೊಳಗಿನ ಜೆಲ್ಲಿಯ ಹಾಸಿನ ಮೇಲೆ ಸಾವಿರಾರು ಪುಟ್ಟ ಹರಳುಗಳಿವೆ. ಒಂದೊಂದೂ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಭೂಮಿ ಅವನ್ನು ಎಳೆಯುತ್ತದೆ, ಜೆಲ್ಲಿ ಜಾರುತ್ತದೆ, ಕೂದಲು ಬಗ್ಗುತ್ತದೆ. ಹರಳು ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಹೊಳೆಯ ಕಪ್ಪೆಚಿಪ್ಪು ಆಗಿರುವುದೂ ಅದರಿಂದಲೇ. ಚಿಪ್ಪನ್ನು ಸುಟ್ಟು ಎಲೆಯಡಕೆಗೆ ಸುಣ್ಣ ಮಾಡುತ್ತಾರಲ್ಲ, ಆ ಚಿಪ್ಪಿನ ಪುಡಿಯೇ ನಮ್ಮ ಕಿವಿಯೊಳಗೂ ಇದೆ ಅಂದುಕೊಳ್ಳಿ. ನನ್ನ ಅಮ್ಮನಿಗೆ ನಾಲ್ಕು ತಿಂಗಳು ನಿದ್ದೆ ಕೆಡಿಸಿದ್ದು ಆ ಪುಡಿ.

ಕಣ್ಣು ಹೇಳುವ ಸಾಕ್ಷಿ

ಈಗ ಓದುತ್ತಿರುವ ಮೊಬೈಲನ್ನು ಮುಖದೆದುರು ಹಿಡಿದು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲ್ಲಾಡಿಸಿ. ಅಕ್ಷರ ಕಲಸಿಹೋಗುತ್ತದೆ. ಈಗ ಮೊಬೈಲನ್ನು ಅಲ್ಲಾಡಿಸದೆ ತಲೆಯನ್ನು ಅಷ್ಟೇ ಬೇಗ ಅಲ್ಲಾಡಿಸಿ. ಓದಲು ಆಗುತ್ತದೆ! ತಲೆ ಎಡಕ್ಕೆ ಹೋದರೆ ಒಳಕಿವಿ ಕಣ್ಣನ್ನು ಅಷ್ಟೇ ಬಲಕ್ಕೆ ತಿರುಗಿಸುತ್ತದೆ. ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಇದು ನಡೆದುಹೋಗುತ್ತದೆ. ಹಾಗಾಗಿ ಒಳಕಿವಿಯ ಸ್ಥಿತಿಯನ್ನು ಕಣ್ಣಿನಲ್ಲಿ ನೋಡಬಹುದು. ಡಾಕ್ಟರು ತಲೆಸುತ್ತಿನವರ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡುವುದು ಅದಕ್ಕೆ.

ಇದು ಗೊತ್ತಾಗಲು ತುಂಬಾ ಕಾಲ ಹಿಡಿಯಿತು. 1820ರ ದಶಕದಲ್ಲಿ ಫ್ರಾನ್ಸಿನ ಪಿಯೇರ್ ಫ್ಲೂರಾನ್ಸ್ ಪಾರಿವಾಳಗಳ ಈ ನಾಳಗಳನ್ನು ಒಂದೊಂದಾಗಿ ಕತ್ತರಿಸಿ ನೋಡಿದ. ಯಾವ ನಾಳ ಕತ್ತರಿಸಿದನೋ ಆ ದಿಕ್ಕಿನಲ್ಲೇ ಪಾರಿವಾಳದ ತಲೆ ಓಲಾಡಿತು. ಕಿವಿ ಮಾತ್ರ ಕೇಳಿಸುತ್ತಿತ್ತು. ಆದರೂ ಡಾಕ್ಟರುಗಳು ತಲೆಸುತ್ತನ್ನು ಮೆದುಳಿನ ಕಾಯಿಲೆ ಅಂತಲೇ ನಂಬಿಕೊಂಡು ರಕ್ತ ಹರಿಸುವ ಚಿಕಿತ್ಸೆ ಮಾಡುತ್ತಿದ್ದರು. 1861ರಲ್ಲಿ ಪ್ಯಾರಿಸಿನ ಪ್ರಾಸ್ಪರ್ ಮೆನಿಯೇರ್, ಇದು ಒಳಕಿವಿಯಿಂದಲೂ ಬರಬಹುದು ಅಂತ ಹೇಳಿದ. ಅವನು ಕಿವುಡರ ಸಂಸ್ಥೆಯ ವೈದ್ಯ. ಕಿವಿ ಕೆಟ್ಟವರಲ್ಲೇ ತಲೆಸುತ್ತನ್ನೂ ಕಂಡಿದ್ದ. ಮರುವರ್ಷವೇ ತೀರಿಕೊಂಡ.

ಆಮೇಲೆ ವಿಯೆನ್ನಾದ ರಾಬರ್ಟ್ ಬರಾನಿ. ಆಗ ಕಿವಿಗೆ ನೀರು ಹಾಯಿಸಿ ತೊಳೆಯುವುದು ಮಾಮೂಲು. ನೀರು ತಣ್ಣಗಿದ್ದರೆ ರೋಗಿಗೆ ತಲೆ ತಿರುಗಿ ಕಣ್ಣುಗುಡ್ಡೆ ಒಂದು ಕಡೆಗೆ ಎಗರುತ್ತಿತ್ತು. ಜಾಸ್ತಿ ಬಿಸಿಯಿದ್ದರೂ ಎಗರುತ್ತಿತ್ತು, ಆದರೆ ಇನ್ನೊಂದು ಕಡೆಗೆ. ಬರಾನಿಗೆ ಹೊಳೆಯಿತು. ಹಂಡೆಯ ಬಿಸಿನೀರು ಮೇಲೆ ಬರುವ ಹಾಗೆ, ನಾಳದ ನೀರಿನಲ್ಲೂ ಬಿಸಿಯಾದದ್ದು ಮೇಲೇರುತ್ತದೆ, ತಣ್ಣಗಾದದ್ದು ಇಳಿಯುತ್ತದೆ. ಹಾಗೆ ಹುಟ್ಟಿದ ಪರೀಕ್ಷೆಯನ್ನು ಇಂದಿಗೂ ಮಾಡುತ್ತಾರೆ. ಅವನಿಗೆ 1914ರ ನೊಬೆಲ್ ಬಂತು. ಆ ಸುದ್ದಿ ಬಂದಾಗ ಅವನು ರಷ್ಯಾದ ಯುದ್ಧಕೈದಿ. 1916ರಲ್ಲಿ ಬಿಡುಗಡೆಯಾಗಿ ಸ್ವೀಡನ್ನಿಗೆ ಹೋಗಿ ಬಹುಮಾನ ತೆಗೆದುಕೊಂಡ.

ಅರ್ಧ ನಿಮಿಷ ತಿರುಗಿದರೆ

ವಯಸ್ಸಾದಾಗ, ತಲೆಗೆ ಪೆಟ್ಟು ಬಿದ್ದಾಗ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ, ಚೀಲದ ಹರಳುಗಳು ಕಳಚಿ ಬಳೆಯಂಥ ನಾಳದೊಳಗೆ ಜಾರಿಬಿಡುತ್ತವೆ. ಹೆಚ್ಚಾಗಿ ಹಿಂಬದಿಯ ನಾಳಕ್ಕೆ, ಅದು ಎಲ್ಲಕ್ಕಿಂತ ತಗ್ಗಿನಲ್ಲಿರುವುದರಿಂದ. ನಾಳ ಇರುವುದು ತಲೆ ತಿರುಗಿದ್ದನ್ನು ಹೇಳಲು. ಅದಕ್ಕೆ ತೂಕದ ಹಂಗಿಲ್ಲ. ಈಗ ಒಳಗೆ ಹರಳು ಬಂದು ಕೂತಿತು. ಮಗ್ಗುಲು ಬದಲಿಸಿದಾಗ ಹರಳು ಉರುಳುತ್ತದೆ, ನೀರನ್ನು ಎಳೆದುಕೊಂಡು ಹೋಗುತ್ತದೆ, ಪರದೆ ಬಗ್ಗುತ್ತದೆ. ಮೆದುಳಿಗೆ ಹೋಗುವ ಸುದ್ದಿ: ತಲೆ ಜೋರಾಗಿ ತಿರುಗುತ್ತಿದೆ! ಕಣ್ಣು ಹೇಳುತ್ತದೆ: ಇಲ್ಲ, ಮಲಗಿದ್ದೇನೆ. ಹರಳು ತಳ ಮುಟ್ಟುವವರೆಗೆ ಈ ಜಗಳ. ಒಂದು ನಿಮಿಷದೊಳಗೆ ಮುಗಿಯುತ್ತದೆ. ಶುರುವಾಗುವ ಮೊದಲಿನ ಆ ಎರಡು ಮೂರು ಸೆಕೆಂಡು, ಹರಳು ಹೊರಟು ನೀರನ್ನು ಎಳೆಯಲು ಬೇಕಾದ ಸಮಯ.

ತಲೆಸುತ್ತಿಗೆ ಅತಿ ಸಾಮಾನ್ಯ ಕಾರಣ ಇದೇ. ಮಲಗುವಾಗ, ಏಳುವಾಗ, ಮಗ್ಗುಲು ಬದಲಿಸುವಾಗ, ಕತ್ತೆತ್ತಿ ಮೇಲೆ ನೋಡುವಾಗ ಬರುತ್ತದೆ. ಕಿವಿ ಮಂದವಾಗುವುದಿಲ್ಲ. ನಮ್ಮ ಕಡೆಯವರು ಈ ‘ಮೇಲೆ ನೋಡುವಾಗ’ ಅನ್ನುವುದನ್ನು ಗಮನಿಸಬೇಕು. ಈಗ ತೋಟದಲ್ಲಿ ಮರ ಹತ್ತುವವರು ಸಿಗುವುದು ಕಷ್ಟ. ಕಾರ್ಬನ್ ಫೈಬರ್ ದೋಟಿ ಹಿಡಿದು, ಕತ್ತನ್ನು ಹಿಂದಕ್ಕೆ ಎತ್ತಿ, ನೆಲದಲ್ಲೇ ನಿಂತು ಮದ್ದು ಬಿಡುತ್ತಾರೆ, ಕೊನೆ ಕೊಯ್ಯುತ್ತಾರೆ. ಕತ್ತೆತ್ತಿದಾಗ ಲೋಕ ತಿರುಗಿದರೆ ಬಿಸಿಲು, ಸುಸ್ತು ಅಂತ ಬಿಟ್ಟುಬಿಡುತ್ತಾರೆ. ತಳೆ ಹಾಕಿ ಮರ ಹತ್ತುವವರಿಗಂತೂ ಇದು ಪ್ರಾಣದ ಪ್ರಶ್ನೆ. ಹಾಸಿಗೆಯಲ್ಲಿ ಒಂದು ಸಲ ಹೀಗಾದವರು ಸರಿ ಮಾಡಿಸಿಕೊಳ್ಳುವವರೆಗೆ ಮರ ಹತ್ತಲೇಬಾರದು.

ಕಂಡುಹಿಡಿಯುವ ಪರೀಕ್ಷೆಯನ್ನು 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ವಿವರಿಸಿದರು. ರೋಗಿಯನ್ನು ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ಅರ್ಧ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಬೇಕು. ತಲೆ ಮೇಜಿನ ಅಂಚಿನಿಂದ ಸ್ವಲ್ಪ ಕೆಳಗೆ ಜೋತು ಬೀಳಬೇಕು. ಅಮ್ಮನಿಗೆ ಇದನ್ನು ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಎಡ ಪಕ್ಕಕ್ಕೆ ಮಾಡಿದಾಗ ಏನೂ ಆಗಲಿಲ್ಲ. ಬಲಕ್ಕೆ ಮಾಡಿದಾಗ ಮೂರು ಸೆಕೆಂಡು ಸುಮ್ನೆ ಇದ್ದರು. ಆಮೇಲೆ ಎರಡೂ ಕಣ್ಣುಗುಡ್ಡೆಗಳು ಮೇಲಕ್ಕೆ ಎಗರುತ್ತಾ, ಜೊತೆಗೆ ಕೆಳಗಿದ್ದ ಬಲಗಿವಿಯ ಕಡೆಗೆ ಹೊರಳಲು ಶುರು. ಸ್ಕ್ರೂ ತಿರುಗಿಸಿದ ಹಾಗೆ. ಅಮ್ಮ ನನ್ನ ಕೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಇಪ್ಪತ್ತು ಸೆಕೆಂಡಿಗೆ ಕಣ್ಣು ನಿಂತಿತು. “ನೋಡಿದಿರಾ? ಹರಳು ಇರುವುದು ಬಲಕ್ಕೆ,” ಅಂದರು ಡಾಕ್ಟರು.

ಚಿಕಿತ್ಸೆಯೂ ಇದೇ ತರ್ಕದ್ದು. ಬಳೆಯೊಳಗೆ ಸಿಕ್ಕ ಗೋಲಿಯನ್ನು ಹೊರಗೆ ತರಬೇಕಾದರೆ ಬಳೆಯನ್ನೇ ಹಂತ ಹಂತವಾಗಿ ತಿರುಗಿಸಬೇಕು. ತಲೆಯನ್ನು ಹಾಗೇ ಜೋತುಬಿಟ್ಟು ಎಡಕ್ಕೆ ತಿರುಗಿಸಿದರು, ನಿಂತರು. ಮೈಯನ್ನೂ ಎಡಕ್ಕೆ ಹೊರಳಿಸಿ ಮುಖ ನೆಲದ ಕಡೆ ಬರುವ ಹಾಗೆ ಮಾಡಿದರು, ನಿಂತರು. ಕೊನೆಗೆ ಕೂರಿಸಿದರು. ಒಂದೊಂದು ಹಂತದಲ್ಲೂ ಅರ್ಧ, ಒಂದು ನಿಮಿಷ. ಹರಳು ಉರುಳುತ್ತಾ ಉರುಳುತ್ತಾ ತಾನು ಬಂದ ಚೀಲಕ್ಕೇ ವಾಪಸು ಬೀಳುತ್ತದೆ. ಇದನ್ನು ಕಂಡುಹಿಡಿದವರು ಅಮೆರಿಕದ ಪೋರ್ಟ್‌ಲೆಂಡಿನ ಜಾನ್ ಎಪ್ಲಿ. 1980ರ ಹೊತ್ತಿಗೇ ಮಾಡಿ ತೋರಿಸಿದರೂ ಜೊತೆಯ ವೈದ್ಯರು ನಂಬಲಿಲ್ಲ. ತಲೆ ತಿರುಗುವವರ ತಲೆಯನ್ನು ತಿರುಗಿಸಿ ಗುಣ ಮಾಡುವುದು ಅವರಿಗೆ ಮಾಟದ ಹಾಗೆ ಕಂಡಿತು. ಪ್ರಬಂಧ ಅಚ್ಚಾದದ್ದು 1992ರಲ್ಲಿ. ಈಗ ಜಗತ್ತಿನ ಎಲ್ಲ ಕಡೆ ಮಾಡುವುದು ಇದನ್ನೇ. ಹತ್ತರಲ್ಲಿ ಸುಮಾರು ಎಂಟು ಜನರಿಗೆ ಒಂದೆರಡು ಸಲದಲ್ಲೇ ಗುಣ ಸಿಗುತ್ತದೆ.

ಮೊದಲ ಸಲ ಡಾಕ್ಟರ ಕೈಯಲ್ಲೇ ಮಾಡಿಸಿಕೊಳ್ಳಿ. ಯಾವ ಕಿವಿ, ಯಾವ ನಾಳ ಅಂತ ಗೊತ್ತಾಗದೆ ವೀಡಿಯೊ ನೋಡಿ ಮಾಡಿದರೆ ಉಪಯೋಗವಿಲ್ಲ. ಕುತ್ತಿಗೆಯ ತೊಂದರೆ ಇರುವವರಿಗೆ ಅಪಾಯವೂ ಹೌದು.

ಹರಳು ಮತ್ತೆ ಕಳಚುವುದೂ ಉಂಟು. ಐವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ಎಲುಬು ಟೊಳ್ಳಾಗುವುದಕ್ಕೂ ಇದಕ್ಕೂ ನಂಟಿದೆ. 2020ರಲ್ಲಿ ಕೊರಿಯಾದಲ್ಲಿ 957 ಜನರ ಮೇಲೆ ಒಂದು ದೊಡ್ಡ ಪ್ರಯೋಗ ನಡೆದದ್ದು ಪ್ರಕಟವಾಯಿತು. ವಿಟಮಿನ್ ಡಿ ಕಡಿಮೆ ಇದ್ದವರಿಗೆ ಒಂದು ವರ್ಷ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಟ್ಟರು. ಕೊಡದೆ ಬಿಟ್ಟ ಗುಂಪಿಗೆ ಹೋಲಿಸಿದರೆ ಮರುಕಳಿಸುವುದು ಸುಮಾರು ಕಾಲುಭಾಗ ಕಡಿಮೆಯಾಯಿತು. ಅಮ್ಮನ ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ಕಡಿಮೆಯೇ ಇತ್ತು.

ಗಂಟೆಗಟ್ಟಲೆ, ದಿನಗಟ್ಟಲೆ

ತಿರುಗುವುದು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ, ಹನ್ನೆರಡು ಗಂಟೆಯ ತನಕ ಇದ್ದರೆ, ಜೊತೆಗೆ ಒಂದು ಕಿವಿ ತುಂಬಿದ ಹಾಗೆ, ಗುಂಯ್‌ಗುಟ್ಟಿದ ಹಾಗೆ, ಮಂದವಾದ ಹಾಗೆ ಆದರೆ ಯೋಚಿಸಬೇಕಾದದ್ದು ಮೆನಿಯೇರ್ ಕಾಯಿಲೆ. ಅದೇ ಪ್ಯಾರಿಸಿನ ವೈದ್ಯನ ಹೆಸರು. ಇಲ್ಲಿ ಹರಳಿನ ತಪ್ಪಿಲ್ಲ. ಒಳಗಿನ ನೀರು ಹೆಚ್ಚಾಗಿ ಕೊಳವೆಯ ಪೊರೆ ಉಬ್ಬುತ್ತದೆ. 1938ರಲ್ಲಿ ಲಂಡನ್ನಿನಲ್ಲೂ ಜಪಾನಿನಲ್ಲೂ, ಸತ್ತವರ ಕಿವಿಯೆಲುಬನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇದು ಕಂಡಿತು. ಬದುಕಿರುವವರ ಕಿವಿಯಲ್ಲಿ ಈ ಉಬ್ಬು ಎಂಆರ್‌ಐಯಲ್ಲಿ ಕಾಣುವ ಹಾಗೆ ಮಾಡಿದ್ದು 2007ರಲ್ಲಿ, ಜಪಾನಿನ ನಗೋಯಾದ ವೈದ್ಯರು. ನೀರು ಯಾಕೆ ಹೆಚ್ಚುತ್ತದೆ ಅನ್ನುವುದು ಇನ್ನೂ ಬಿಡಿಸದ ಒಗಟು.

ಚಿಕಿತ್ಸೆಯ ವಿಷಯದಲ್ಲೂ ಸಂಶೋಧನೆ ನಂಬಿಕೆಗಳನ್ನು ಅಲ್ಲಾಡಿಸಿದೆ. ಬೀಟಾಹಿಸ್ಟಿನ್ ಅನ್ನುವ ಮಾತ್ರೆಯನ್ನು ಎಲ್ಲ ಕಡೆ ಬರೆದುಕೊಡುತ್ತಾರೆ. ಜರ್ಮನಿಯಲ್ಲಿ 221 ರೋಗಿಗಳಿಗೆ ಒಂಬತ್ತು ತಿಂಗಳು ಅದನ್ನೂ ಬರೀ ಹುಸಿ ಮಾತ್ರೆಯನ್ನೂ ಕೊಟ್ಟು ಹೋಲಿಸಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪಿನವರಿಗೂ ತಲೆಸುತ್ತು ಕಡಿಮೆಯಾಗಿತ್ತು, ಒಂದೇ ಪ್ರಮಾಣದಲ್ಲಿ. ಹಾಗಂತ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಉಪ್ಪು ಕಡಿಮೆ ಮಾಡುವುದು ಹಳೆಯ ಸಲಹೆ. ಹಪ್ಪಳ, ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಇಲ್ಲದೆ ಊಟ ಸೇರದ ನಮಗೆ ಇದು ಕಷ್ಟವೇ. ತೀರಾ ಹೆಚ್ಚಾದರೆ ಕಿವಿಯ ತಮಟೆಯ ಮೂಲಕ ಒಳಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಮೊದಲು ಜೆಂಟಾಮೈಸಿನ್ ಕೊಡುವುದಿತ್ತು. ಅದು ಒಳಕಿವಿಯ ಕೂದಲು ಕೋಶಗಳಿಗೆ ವಿಷ. ಕೆಟ್ಟ ಸುದ್ದಿ ಕಳಿಸುವ ಕಿವಿಯನ್ನು ಬೇಕಂತಲೇ ಸುಮ್ಮನಾಗಿಸುವ ಉಪಾಯ. ಕೇಳುವ ಶಕ್ತಿಯೂ ಹೋಗುವ ಭಯ ಇದ್ದೇ ಇತ್ತು. 2016ರಲ್ಲಿ ಬ್ರಿಟನ್ನಿನ ವೈದ್ಯರು 60 ಜನರಲ್ಲಿ ಹೋಲಿಸಿ ನೋಡಿ, ಸ್ಟಿರಾಯ್ಡ್ ಇಂಜೆಕ್ಷನ್ನೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಕೋಶಗಳನ್ನು ಕೊಲ್ಲದೆಯೇ.

ಇನ್ನು ದಿನಗಟ್ಟಲೆ ಬಿಡದೆ ತಿರುಗುವುದು. ಸಾಮಾನ್ಯವಾಗಿ ಇದು ಸಮತೋಲದ ನರಕ್ಕೆ ಬಾವು ಬಂದದ್ದು. ಎರಡು ಮೂರು ದಿನ ನರಕ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಮೆದುಳು ಕಲಿಯುತ್ತದೆ ಅಂದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಕಿವಿ ಕೆಟ್ಟರೂ ಇನ್ನೊಂದರ ಲೆಕ್ಕದಲ್ಲಿ ನಡೆಯಲು ಮೆದುಳು ಅಭ್ಯಾಸ ಮಾಡಿಕೊಳ್ಳುತ್ತದೆ. ಅದಕ್ಕೆ ಎದ್ದು ಓಡಾಡಬೇಕು, ತಲೆ ಆಡಿಸಬೇಕು. ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಾ ಮಲಗಿದರೆ ಮೆದುಳು ಕಲಿಯುವುದು ತಡವಾಗುತ್ತದೆ. ಅವುಗಳಲ್ಲಿ ಕೆಲವು ಮಾತ್ರೆಗಳಿಂದ ವಯಸ್ಸಾದವರಿಗೆ ಕೈನಡುಕ ಬರುವುದೂ ಉಂಟು.

ಆದರೆ ದಿನಗಟ್ಟಲೆಯ ತಲೆಸುತ್ತು ಮೆದುಳಿನ ಹಿಂಭಾಗದ ಪಾರ್ಶ್ವವಾಯುವೂ ಆಗಿರಬಹುದು. ಫಕ್ಕನೆ ತಲೆ ತಿರುಗಿ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಮಜ್ಜಿಗೆ, ಕಷಾಯ ಅಂತ ಕೂರಬೇಡಿ. ವಾಹನ ಮಾಡಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಿ. ನಮ್ಮ ಹಳ್ಳಿಗಳಿಂದ ದೂರ ಜಾಸ್ತಿ, ದಾರಿಯಲ್ಲೇ ಹೊತ್ತು ಹೋಗುತ್ತದೆ. ಹಾಗಾಗಿ ಹೊರಡಲು ತಡ ಮಾಡಬಾರದು.

ರಾತ್ರಿಯ ಚೆಂಡೆ, ಬೆಳಗಿನ ಗುಂಯ್

ಕಾಕ್ಲಿಯದ ಬಗ್ಗೆ ಹೇಳದಿದ್ದರೆ ಅರ್ಧ ಮನೆ ತೋರಿಸಿದ ಹಾಗೆ. ಅಲ್ಲೂ ಅದೇ ಕೂದಲು ಕೋಶಗಳು, ಒಂದು ಕಿವಿಯಲ್ಲಿ ಸುಮಾರು 15,000. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಮೇಲೆ. ಕಿವಿಗೆ ಸಿಕ್ಕಿದ ಆಸ್ತಿ ಇಷ್ಟೇ, ಅದೂ ಹುಟ್ಟುವಾಗ ಕೊಟ್ಟದ್ದು. ಹೋದರೆ ಹೋಯಿತು. ಕೊಳವೆಯ ಬುಡದ ಕೋಶಗಳು ತೀಕ್ಷ್ಣ ದನಿಗೆ, ತುದಿಯವು ಗಡಸು ದನಿಗೆ. ಹೆಚ್ಚಾಗಿ ಮೊದಲು ಸಾಯುವುದು ಬುಡದವು. ‘ಸ’, ‘ಶ’, ‘ತ’ ಇಂಥ ಅಕ್ಷರಗಳು ಜಾರಿಹೋಗುತ್ತವೆ. “ದನಿ ಕೇಳ್ತದೆ, ಏನು ಹೇಳಿದ್ದು ಗೊತ್ತಾಗುದಿಲ್ಲ” ಅಂತ ಅಜ್ಜಂದಿರು ಹೇಳುವುದು ಇದನ್ನೇ.

85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಅಂತ ಒಂದು ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಯಕ್ಷಗಾನದ ಆಟದ ದಿನ ಧ್ವನಿವರ್ಧಕದ ಎದುರೇ ಚಾಪೆ ಹಾಸಿ ಮಕ್ಕಳನ್ನು ಮಲಗಿಸುತ್ತೇವೆ. ಜಾತ್ರೆಯಲ್ಲಿ ಗರ್ನಾಲು ಸಿಡಿಯುವ ಜಾಗಕ್ಕೇ ಹತ್ತಿರ ಹೋಗುತ್ತೇವೆ. ಚೆಂಡೆಯವರಂತೂ ರಾತ್ರಿಯಿಡೀ ಅದರ ಪಕ್ಕದಲ್ಲೇ. ಬೆಳಗ್ಗೆ ಕಿವಿ ಗುಂಯ್ ಅನ್ನುತ್ತದೆ, ಮಧ್ಯಾಹ್ನಕ್ಕೆ ಸರಿಹೋಗುತ್ತದೆ. ಸರಿಹೋಯಿತಲ್ಲ, ಇನ್ನೇನು ಅಂತ ವೈದ್ಯರೂ ತುಂಬಾ ಕಾಲ ನಂಬಿದ್ದರು. 2009ರಲ್ಲಿ ಬಾಸ್ಟನ್ನಿನ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳಲ್ಲಿ ಬೇರೆಯೇ ಕಂಡರು. ಪರೀಕ್ಷೆಯಲ್ಲಿ ಕಿವಿ ಪೂರ್ತಿ ಸುಧಾರಿಸಿದೆ, ಕೂದಲು ಕೋಶಗಳೂ ಇವೆ. ಆದರೆ ಕೋಶ ಮತ್ತು ನರದ ನಡುವಿನ ಕೊಂಡಿಗಳಲ್ಲಿ ಅರ್ಧದಷ್ಟು ಕೆಲವು ಕಡೆ ಕಳಚಿಹೋಗಿವೆ! ಮನುಷ್ಯರಲ್ಲಿ ಇದು ಎಷ್ಟು ಅಂತ ಅಳೆಯುವ ಕೆಲಸ ಇನ್ನೂ ನಡೆಯುತ್ತಿದೆ. ನನಗಂತೂ ಚೆಂಡೆ ಬಿಟ್ಟು ಬದುಕಲಾಗದು. ಮಕ್ಕಳ ಕಿವಿಗೆ ಹತ್ತಿ ಇಡುವ ಬದಲು ಸರಿಯಾದ ಇಯರ್ ಪ್ಲಗ್ ಇಟ್ಟು, ಧ್ವನಿವರ್ಧಕದಿಂದ ದೂರ ಕೂರುತ್ತೇನೆ.

ಇಲ್ಲೇ ಇನ್ನೊಂದು ಮಾತು. ಒಂದು ಬೆಳಗ್ಗೆ ಎದ್ದಾಗ ಒಂದು ಕಿವಿ ಫಕ್ಕನೆ ಕೇಳದಿದ್ದರೆ ಗುಗ್ಗೆ ಕಟ್ಟಿದೆ ಅಂತ ಬಿಸಿ ತೆಂಗಿನೆಣ್ಣೆ ಬಿಡುತ್ತಾ ವಾರ ಕಳೆಯಬೇಡಿ. ಒಳಕಿವಿಯ ಈ ತೊಂದರೆಗೆ ಸ್ಟಿರಾಯ್ಡ್ ಉಪಯೋಗಕ್ಕೆ ಬರುವುದು ಮೊದಲ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರದೊಳಗೆ ಶುರು ಮಾಡಿದರೆ.

ಸತ್ತ ಕೂದಲು ಕೋಶ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತದೆ! 1988ರಲ್ಲಿ ಕೋಳಿಮರಿ ಮತ್ತು ಕ್ವೇಲ್ ಹಕ್ಕಿಯಲ್ಲಿ ಎರಡು ತಂಡಗಳು ಇದನ್ನು ತೋರಿಸಿದವು. ನಮ್ಮ ಅಂಗಳದ ಕೋಳಿಗೆ ಇರುವ ಈ ವಿದ್ಯೆ ನಮ್ಮ ಕಿವಿಯಲ್ಲಿ ಯಾಕೆ ಮಲಗಿದೆ, ಎಬ್ಬಿಸುವುದು ಹೇಗೆ ಅಂತ ಅಂದಿನಿಂದ ಹುಡುಕಾಟ ನಡೆದಿದೆ. ಮನುಷ್ಯರಲ್ಲಿ ಇನ್ನೂ ಕೈಗೂಡಿಲ್ಲ. ಆದರೆ ಬೇರೊಂದು ದಾರಿ ತೆರೆದಿದೆ. ಕೆಲವು ಮಕ್ಕಳ ಕೋಶಗಳು ಚೆನ್ನಾಗಿಯೇ ಇರುತ್ತವೆ. ಓಟೋಫರ್ಲಿನ್ ಅನ್ನುವ ಒಂದು ಪ್ರೋಟೀನ್ ಇಲ್ಲದೆ ನರಕ್ಕೆ ಸುದ್ದಿ ದಾಟುವುದಿಲ್ಲ. ಆ ಜೀನನ್ನು ಎರಡು ತುಂಡು ಮಾಡಿ, ರೋಗ ತರದ ವೈರಸ್ಸಿನೊಳಗೆ ಇಟ್ಟು, ಒಳಕಿವಿಗೆ ಬಿಟ್ಟರು. ಒಂದು ವೈರಸ್ಸಿನಲ್ಲಿ ಹಿಡಿಸದಷ್ಟು ದೊಡ್ಡ ಜೀನ್ ಅದು. ಶಾಂಘಾಯಿಯಲ್ಲಿ ಹೀಗೆ ಚಿಕಿತ್ಸೆ ಪಡೆದ ಆರು ಮಕ್ಕಳಲ್ಲಿ ಐವರಿಗೆ ಕೇಳಿಸತೊಡಗಿತು ಅಂತ 2024ರ ಜನವರಿಯಲ್ಲಿ ವರದಿಯಾಯಿತು. ಹುಟ್ಟು ಕಿವುಡಿನಲ್ಲಿ ಈ ಜೀನಿನ ಪಾಲು ಚಿಕ್ಕದು. ಆದರೂ ಆ ಸುದ್ದಿ ಓದಿದ ದಿನ ನನಗೆ ತುಂಬಾ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಉಳಿದ ಮಕ್ಕಳಿಗೆ ಇಂದು ಇರುವ ದೊಡ್ಡ ಆಸರೆ ಕಾಕ್ಲಿಯರ್ ಇಂಪ್ಲಾಂಟ್. ಸತ್ತ ಕೋಶಗಳನ್ನು ಬಿಟ್ಟು ನೇರವಾಗಿ ನರಕ್ಕೇ ವಿದ್ಯುತ್ ಸುದ್ದಿ ಕೊಡುವ ತಂತಿ ಅದು. ಕೇರಳದಲ್ಲಿ ಚಿಕ್ಕ ಮಕ್ಕಳಿಗೆ ಇದನ್ನು ಉಚಿತವಾಗಿ ಮಾಡಿಸಲು ಶ್ರುತಿತರಂಗಂ ಯೋಜನೆ ಇದೆ. ಎಷ್ಟು ಬೇಗ ಹಾಕಿಸಿದರೆ ಅಷ್ಟು ಚೆನ್ನಾಗಿ ಮಾತು ಬರುತ್ತದೆ. ಆದರೆ ಆಪರೇಷನ್ ಆದಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ ಬೇಕು. ಅದು ಮನೆಯಲ್ಲಿ ಆಡುವ ಭಾಷೆಯಲ್ಲಿ ಇರಬೇಕು. ನಮ್ಮ ಮನೆಗಳಲ್ಲಿ ಆಡುವುದು ತುಳು, ಕನ್ನಡ, ಹವಿಗನ್ನಡ, ಕೊಂಕಣಿ. ತರಬೇತಿ ಮಲಯಾಳದಲ್ಲಿ ಮಾತ್ರ ಸಿಕ್ಕರೆ ಮಗು ಮನೆಗೆ ಬಂದು ಕೇಳುವುದು ಬೇರೆಯೇ ಭಾಷೆ. ದೊಡ್ಡವರ ಶ್ರವಣ ಪರೀಕ್ಷೆಯಲ್ಲೂ ಹೀಗೇ. ಪದಗಳನ್ನು ಕೇಳಿಸಿ ತಿರುಗಿ ಹೇಳಿ ಅನ್ನುತ್ತಾರೆ. ಗೊತ್ತಿಲ್ಲದ ಭಾಷೆಯ ಪದ ಕೊಟ್ಟರೆ ಕಿವಿ ಚೆನ್ನಾಗಿದ್ದರೂ ಅಂಕ ಕಡಿಮೆ ಬರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳು ಸಿದ್ಧವಿವೆ. ಕನ್ನಡದಲ್ಲೇ ಪರೀಕ್ಷೆ ಮಾಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಡಾಕ್ಟರ ಮುಂದೆ ಕೂತಾಗಿನ ಮಾತಿಗೂ ಇದು ಅನ್ವಯಿಸುತ್ತದೆ. ಇಲ್ಲಿನ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ “ತಲಕರಕ್ಕಮಾಣೋ?” ಅಂತ, ಅಂದರೆ ತಲೆಸುತ್ತಾ ಅಂತ ಕೇಳುತ್ತಾರೆ. ಹೌದು ಅನ್ನುತ್ತೇವೆ. ಸುಸ್ತು, ಕಣ್ಣುಕತ್ತಲೆ, ಓಲಾಟ, ಗಿರಗಿರ, ಎಲ್ಲವೂ ಆ ಒಂದು ‘ಹೌದು’ವಿನಲ್ಲಿ ಮುಳುಗಿಹೋಗುತ್ತದೆ. ಇದು ಬರೀ ಭಾಷೆಯ ತೊಂದರೆಯೂ ಅಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ತಲೆಸುತ್ತಿನವರನ್ನು ‘ಯಾವ ಥರದ್ದು’ ಅಂತ ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಸುಮಾರು ಅರ್ಧದಷ್ಟು ಜನ ಉತ್ತರ ಬದಲಾಯಿಸಿದರು. 2007ರಲ್ಲಿ ಇದು ಪ್ರಕಟವಾಯಿತು. ಎಷ್ಟು ಹೊತ್ತು, ಏನು ಮಾಡುವಾಗ ಅನ್ನುವುದನ್ನು ಜನ ಅದಕ್ಕಿಂತ ಸರಿಯಾಗಿ ಹೇಳುತ್ತಿದ್ದರು.

ನಮ್ಮ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಏಕಾದಶಿ ಎಲ್ಲ ಅದರಲ್ಲೇ. ಕಳೆದ ಮಳೆಗಾಲದಲ್ಲಿ ಹರಳು ಮತ್ತೊಮ್ಮೆ ಕಳಚಿತು. ನಾನು ಏಳುವ ಮೊದಲೇ ಅಮ್ಮ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು: “ಬಲ ಮಗ್ಗುಲು. ಇಪ್ಪತ್ತು ಎಣಿಸುವಷ್ಟು ಹೊತ್ತು. ಕಿವಿ ಕೇಳ್ತದೆ.” ಅದನ್ನು ಫೋನಿನಲ್ಲಿ ಓದಿ ಹೇಳಿದೆ. ಇವತ್ತೇ ಕರಕೊಂಡು ಬನ್ನಿ ಅಂದರು ಡಾಕ್ಟರು. ಹನ್ನೊಂದರ ಬಸ್ಸಿಗೆ ಹೊರಟೆವು, ಸಂಜೆ ಹಟ್ಟಿಯ ಹೊತ್ತಿಗೆ ಮನೆಯಲ್ಲಿದ್ದೆವು.